ಗೈಡ್ ಚಿಕ್ಕದಾದರೆ ಗಾಳ ದೂರ ಹೋಗುತ್ತದೆಯೇ? ಒಂದು 9 ಅಡಿ ರಾಡಿನ ಪ್ರಕರಣ

ಹಿನ್ನೆಲೆ

ಕರಾವಳಿಯ ಒಂದು ಅಳಿವೆ, ಅಲ್ಲಿ ಗಾಳ ಹಾಕುವ ಒಬ್ಬ ಶಾಲಾ ಮಾಸ್ತರರು, ಅವರಿಗೆ ರಾಡ್ ಕಟ್ಟಿಕೊಟ್ಟ ನಾನು. ಈ ಪ್ರಕರಣದಲ್ಲಿ ಇರುವವರು ಇಷ್ಟೇ. ಪ್ರಶ್ನೆ ಗೈಡಿನದ್ದು, ಅಂದರೆ ಲೈನ್ ಹಾಯ್ದುಹೋಗಲು ರಾಡಿನ ಉದ್ದಕ್ಕೂ ಕಟ್ಟುವ ಉಂಗುರಗಳದ್ದು. ಅವರ ಹೆಸರು, ಊರು ಬಿಟ್ಟಿದ್ದೇನೆ. ಗುರುತು ಸಿಗದಂತೆ ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ.

ಮಾಸ್ತರರಿಗೆ ಐವತ್ತು ದಾಟಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಅಳಿವೆ ಬಾಯಿಯ ಕಲ್ಲಿನ ತಡೆಗೋಡೆಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ಇಳಿತದ ಹೊತ್ತಿಗೆ ಹೊಳೆ ನೀರು ಹೊರಗೆ ಬಂದು ಸಮುದ್ರದ ನೀರಿಗೆ ಸೇರುವಾಗ ಒಂದು ಗೆರೆ ಮೂಡುತ್ತದೆ. ಒಂದು ಕಡೆ ಕದಡಿದ ನೀರು, ಇನ್ನೊಂದು ಕಡೆ ತಿಳಿ ನೀರು. ಬರಮುಂಡಿ, ಕೆಂಬೇರಿ ಮೀನುಗಳು ಅವರಿಗೆ ಸಿಕ್ಕಿದ್ದೆಲ್ಲ ಆ ಗೆರೆಯ ಅಂಚಿನಲ್ಲೇ. ಗೆರೆ ಕೆಲವು ದಿನ ಹತ್ತಿರ ಇರುತ್ತದೆ, ಕೆಲವು ದಿನ ಅರುವತ್ತು ಮೀಟರಿನ ಆಚೆ. ಅಲ್ಲಿಗೆ ಐದು ಮೀಟರ್ ಕಡಿಮೆ ಬಿದ್ದರೂ ಆ ಸಂಜೆ ಖಾಲಿ ಕೈ. ಹಾಗಾಗಿ ಅವರಿಗೆ ದೂರ ಎಂದರೆ ಬಡಾಯಿಯ ಮಾತಲ್ಲ, ಬೇಕೇ ಬೇಕಾದ ಸಂಗತಿ.

ಸಾಮಾನು ಹೀಗಿತ್ತು. ಎರಡು ತುಂಡಿನ 9 ಅಡಿ ಕಾರ್ಬನ್ ಬ್ಲ್ಯಾಂಕ್, ಅಂದರೆ ರಾಡಿನ ಬರಿಯ ಕೋಲು, 10ರಿಂದ 40 ಗ್ರಾಂ ತೂಕದ ಲೂರ್ (ಕೃತಕ ಎರೆ) ಎಸೆಯಲು ಮಾಡಿದ್ದು. 4000 ಸೈಜಿನ ಸ್ಪಿನ್ನಿಂಗ್ ರೀಲ್. ಪಿಇ 1.5 ಬ್ರೇಡ್, ಅಂದರೆ ಎಳೆಗಳನ್ನು ಹೆಣೆದು ಮಾಡಿದ ಲೈನ್, ಸುಮಾರು 0.2 ಮಿ.ಮೀ. ದಪ್ಪ. ಬ್ರೇಡಿನ ತುದಿಗೆ ಒಂದೂವರೆ ಮೀಟರ್ ಉದ್ದದ 40 ಪೌಂಡ್ ಫ್ಲೋರೋಕಾರ್ಬನ್ ಲೀಡರ್, ಅಂದರೆ ಲೂರಿನ ಹತ್ತಿರ ಕಟ್ಟುವ ದಪ್ಪ ಲೈನಿನ ತುಂಡು, ಸುಮಾರು 0.6 ಮಿ.ಮೀ. ದಪ್ಪ. ಅಷ್ಟು ಉದ್ದದ ಲೀಡರ್ ಯಾಕೆ ಅಂದರೆ, ತಡೆಗೋಡೆಯ ಕಲ್ಲುಗಳಿಗೆ ಚಿಪ್ಪು ಅಂಟಿಕೊಂಡಿದೆ. ಬ್ರೇಡ್ ಅದಕ್ಕೆ ತಾಗಿದರೆ ಕ್ಷಣದಲ್ಲಿ ಕತ್ತರಿಸುತ್ತದೆ.

ಮೊದಲ ಸಲ ನಾನು ಹಳೆಯ ಪದ್ಧತಿಯಲ್ಲೇ ಕಟ್ಟಿದೆ. ರೀಲಿನ ಕಡೆಯಿಂದ 30, 20, 16, 12, 10, 8, 8, ತುದಿಗೆ 8ರ ಟಿಪ್, ಅಂದರೆ ಕೊನೆಯ ಉಂಗುರ. ಎಲ್ಲವೂ ಎರಡು ಕಾಲಿನ ಸ್ಟೀಲ್ ಗೈಡುಗಳು, ಉಂಗುರ ಹಿಡಿಯುವ ಫ್ರೇಮ್ ಅಷ್ಟೇನೂ ಎತ್ತರ ಇಲ್ಲದವು. ಈ ನಂಬರುಗಳು ಉಂಗುರದ ಅಳತೆ, ಮಿಲಿಮೀಟರಿನಲ್ಲಿ. ಆದರೆ ಸಾಮಾನ್ಯವಾಗಿ ಅದು ಉಂಗುರದ ಹೊರಗಿನ ಅಳತೆ, ಒಳಗಿನ ತೂತಿನದ್ದಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಸಮಸ್ಯೆ

ಎರಡು ವಾರ ಕಳೆದು ಮಾಸ್ತರರು ಮನೆಗೆ ಬಂದರು.

“ಮಾರಾಯ್ರೆ, ರಾಡ್ ಚೆಂದ ಉಂಟು. ಆದ್ರೆ ಗೆರೆಗೆ ಮುಟ್ಟುದಿಲ್ಲ. 30 ಗ್ರಾಂ ಹಾಕಿದ್ರೆ ಅಡ್ಡಿಲ್ಲ. 15, 20 ಹಾಕಿದ್ರೆ ನಡುವೆಯೇ ಬೀಳ್ತದೆ. ಎಸೆದ ಮೇಲೆ ತುದಿ ಸುಮಾರು ಹೊತ್ತು ಅಲ್ಲಾಡ್ತದೆ.”

ಜೊತೆಗೆ ಇನ್ನೊಂದು ಮಾತು ಹೇಳಿದರು. ಎಸೆಯುವಾಗ ಕೈ ಹತ್ತಿರ ಪಟಪಟ ಅಂತ ಸದ್ದು ಬರುತ್ತದೆ, ಲೈನ್ ಬ್ಲ್ಯಾಂಕಿಗೆ ಹೊಡೆದ ಹಾಗೆ. ಅದಕ್ಕೆ ಅವರ ಪರಿಹಾರವೂ ತಯಾರಿತ್ತು. “ಮೊದಲಿನ ಗೈಡ್ 40 ಹಾಕಿ. ತೂತು ದೊಡ್ಡದಾದ್ರೆ ಲೈನ್ ಸಲೀಸಾಗಿ ಹೋಗ್ತದೆ, ಅಲ್ವಾ?”

ಕೇಳಿದರೆ ಸರಿ ಅನಿಸುವ ಮಾತು. ಗಾಳ ಹಾಕುವವರಲ್ಲಿ ಹೆಚ್ಚಿನವರು ಹೀಗೇ ಯೋಚಿಸುತ್ತಾರೆ. ಅವರನ್ನು ಮಾತಿನಲ್ಲಿ ಒಪ್ಪಿಸುವುದು ಬೇಡ, ಎಸೆದೇ ನೋಡೋಣ ಅಂದೆ. ಜಾಗ ಅವರೇ ಕೊಟ್ಟರು. ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನ, ಆಟೋಟದ ಕೋಣೆಯಲ್ಲಿದ್ದ 50 ಮೀಟರಿನ ಟೇಪು, ಗೆರೆ ಎಳೆಯಲು ಸುಣ್ಣದ ಪುಡಿ. ಗಾಳಿ ಏಳುವ ಮೊದಲೇ ಮುಗಿಸಬೇಕು ಅಂತ ಆರೂವರೆಗೆ ಶುರು ಮಾಡಿದೆವು. ಕೊಕ್ಕೆ ಇಲ್ಲದ 20 ಗ್ರಾಂ ಸೀಸ. ಎಸೆಯುವವರು ಮಾಸ್ತರರೇ. ಪ್ರತಿ ಜೋಡಣೆಗೆ ಹತ್ತು ಎಸೆತ. ಅತಿ ದೂರದ್ದು ಒಂದು, ಅತಿ ಹತ್ತಿರದ್ದು ಒಂದು ಬಿಟ್ಟು ಉಳಿದ ಎಂಟರ ಸರಾಸರಿ.

ನಾನು ಕಟ್ಟಿದ ಹಾಗೆಯೇ ಇದ್ದಾಗ 61 ಮೀಟರ್ ಬಂತು. 30ರ ಗೈಡ್ ಬಿಚ್ಚಿ ಅದೇ ಜಾಗಕ್ಕೆ 40ರದ್ದನ್ನು ಅಂಟು ಟೇಪಿನಲ್ಲಿ ಸುತ್ತಿ ಎಸೆದಾಗ 60. ವ್ಯತ್ಯಾಸವೇ ಇಲ್ಲ ಅನ್ನಬಹುದು. ಪಟಪಟ ಸದ್ದು ಮಾತ್ರ ಜಾಸ್ತಿಯಾಯಿತು.

ಯಾಕೆ ಹಾಗಾಯಿತು? ಎಸೆಯುವಾಗ ಸ್ಪಿನ್ನಿಂಗ್ ರೀಲಿನ ಸ್ಪೂಲ್, ಅಂದರೆ ಲೈನ್ ಸುತ್ತಿಟ್ಟ ಉರುಳೆ, ತಿರುಗುವುದಿಲ್ಲ. ಲೂರ್ ಎಳೆದಂತೆ ಲೈನ್ ಸ್ಪೂಲಿನ ಅಂಚನ್ನು ದಾಟಿ ಸುರುಳಿ ಸುರುಳಿಯಾಗಿ ಹೊರಗೆ ಬರುತ್ತದೆ. ಆ ಸುರುಳಿ ಹಗ್ಗದಾಟದ ಹಗ್ಗದಂತೆ ಸುತ್ತುತ್ತಾ ಮುಂದೆ ಹೋಗುತ್ತದೆ. ಮೊದಲ ಗೈಡಿನ ಕೆಲಸ ಅದನ್ನು ಸುಮ್ನೆ ಒಳಗೆ ಬಿಡುವುದಲ್ಲ, ಅದರ ಸುತ್ತಾಟವನ್ನು ಇಳಿಸುವುದು. ಉಂಗುರ ಬಹಳ ದೊಡ್ಡದಾದರೆ ಸುರುಳಿ ಹಾಗೇ ದಾಟಿಹೋಗಿ ಮುಂದಿನ ಗೈಡುಗಳ ನಡುವೆ ಬ್ಲ್ಯಾಂಕಿಗೆ ಬಡಿಯುತ್ತದೆ. ಬಡಿದಷ್ಟೂ ಲೂರಿನ ವೇಗ ಕಳೆಯುತ್ತದೆ.

ದಪ್ಪ, ಗಡಸು ನೈಲಾನ್ ಲೈನಿನ ಕಾಲದಲ್ಲಿ ದೊಡ್ಡದರಿಂದ ನಿಧಾನವಾಗಿ ಚಿಕ್ಕದಾಗುತ್ತಾ ಹೋಗುವ ಗೈಡುಗಳ ಸಾಲಿಗೆ ಅರ್ಥವಿತ್ತು. ನೈಲಾನಿಗೆ ಸುರುಳಿಯ ನೆನಪು ಇರುತ್ತದೆ, ಬೇಗ ಮಣಿಯುವುದಿಲ್ಲ. ಬ್ರೇಡ್ ಹಾಗಲ್ಲ. ನೂಲಿನ ಹಾಗೆ ಮೆತ್ತಗಿರುತ್ತದೆ, ಸಣ್ಣ ಉಂಗುರದಲ್ಲೂ ತಕ್ಷಣ ನೇರವಾಗುತ್ತದೆ. ಗೈಡ್ ತಯಾರಿಸುವ ಜಪಾನಿನ ಫ್ಯೂಜಿ ಕಂಪನಿ 1990ರ ದಶಕದಲ್ಲಿ ‘ನ್ಯೂ ಗೈಡ್ ಕಾನ್ಸೆಪ್ಟ್’ ಅಂತ ಒಂದು ಜೋಡಣೆ ಕೊಟ್ಟಿತು. ಎತ್ತರದ ಫ್ರೇಮಿನ ಮೇಲೆ ಚಿಕ್ಕ ಉಂಗುರ, ಎರಡು ಮೂರು ಗೈಡಿನಲ್ಲೇ ಬೇಗ ಬೇಗ ಇಳಿಸಿ, ಅಲ್ಲಿಂದ ತುದಿಯವರೆಗೆ ಒಂದೇ ಅಳತೆಯ ಸಣ್ಣ ಗೈಡುಗಳು. ಆಮೇಲೆ ಬಂದ ‘ಕೆಆರ್ ಕಾನ್ಸೆಪ್ಟ್’ ಅದನ್ನೇ ಇನ್ನೂ ಚಿಕ್ಕ ಉಂಗುರಗಳಿಗೆ ಒಯ್ದಿತು.

ಇದನ್ನೆಲ್ಲ ಓದಿಕೊಂಡಿದ್ದ ನನಗೆ ಉತ್ತರ ಸಿಕ್ಕಿತು ಅನಿಸಿತು. ಮಾಸ್ತರರು ದೊಡ್ಡದು ಕೇಳಿದರು, ನಾನು ಚಿಕ್ಕದರ ಕಡೆ ಹೊರಟೆ.

ಮೊದಲ ಪ್ರಯತ್ನ

20, 10, 5.5, ಅಲ್ಲಿಂದ ಐದು 4.5, ತುದಿಗೆ 4.5ರ ಟಿಪ್. ಮೊದಲ ಮೂರು ಎತ್ತರದ ಫ್ರೇಮಿನವು. ಉಳಿದವು ಒಂದೇ ಕಾಲಿನವು. ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಹಳೆಯ ಸೆಟ್ ಸುಮಾರು 22 ಗ್ರಾಂ ಇತ್ತು, ಹೊಸದು ಸುಮಾರು 6 ಗ್ರಾಂ.

ತೂಕದ ಲೆಕ್ಕ ಇಲ್ಲಿ ಮುಖ್ಯ. ರಾಡನ್ನು ಬೀಸುವಾಗ ಒಂದು ತೂಕ ಕೈಯಿಂದ ಎಷ್ಟು ದೂರ ಇದೆಯೋ ಅದರ ವರ್ಗದಷ್ಟು ಭಾರವಾಗಿ ಕಾಡುತ್ತದೆ. ನಡುವೆ ಕೂತ ಒಂದು ಗ್ರಾಂ ತುದಿಗೆ ಹೋಗಿ ಕೂತರೆ ನಾಲ್ಕು ಪಟ್ಟು ಅಡ್ಡಿ ಮಾಡುತ್ತದೆ. ಅದಕ್ಕೇ ಮಾಸ್ತರರ ರಾಡಿನ ತುದಿ ಎಸೆದ ಮೇಲೂ ಅಲ್ಲಾಡುತ್ತಿದ್ದದ್ದು. ತುದಿ ಅಲ್ಲಾಡುತ್ತಿರುವಷ್ಟು ಹೊತ್ತು ಹೊರಗೆ ಹೋಗುತ್ತಿರುವ ಲೈನನ್ನೂ ಅಲ್ಲಾಡಿಸುತ್ತದೆ. ಬರೀ ಗೈಡಿನದ್ದಲ್ಲ, ಅದನ್ನು ಕಟ್ಟುವ ದಾರ, ಮೇಲೆ ಹಚ್ಚುವ ಎಪಾಕ್ಸಿ ಅಂಟು, ಇವುಗಳ ತೂಕವೂ ಸೇರುತ್ತದೆ. ಎರಡು ಕಾಲಿನ ಗೈಡಿಗೆ ಎರಡರಷ್ಟು ಸುತ್ತು, ಎರಡರಷ್ಟು ಎಪಾಕ್ಸಿ ಬೇಕು.

ಮುಂದಿನ ಭಾನುವಾರ ಮತ್ತೆ ಮೈದಾನ. ಹಳೆಯ ಸೆಟ್ ಪೂರ್ತಿ ಬಿಚ್ಚಿ ಹೊಸ ಸೆಟ್ಟನ್ನು ಟೇಪಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಸರಾಸರಿ 67 ಮೀಟರ್ ಬಂತು. ಸದ್ದು ಹೋಯಿತು. ತುದಿ ಎಸೆದ ಕೂಡಲೇ ನಿಂತಿತು. ಮಾಸ್ತರರ ಮುಖ ನೋಡಬೇಕಿತ್ತು. ಸುಣ್ಣದ ಗೆರೆಯ ಹತ್ತಿರ ನಿಂತು, “ಇಷ್ಟು ದೂರ ನಾನೇ ಎಸೆದದ್ದಾ?” ಅಂತ ಎರಡು ಸಲ ಕೇಳಿದರು.

ನಾನು ಆ ವಾರವೇ ಕಾಯಂ ಆಗಿ ಕಟ್ಟಿಬಿಟ್ಟೆ. ಎರಡು ಕೋಟ್ ಎಪಾಕ್ಸಿ, ನಿಧಾನ ತಿರುಗುವ ಮೋಟಾರಿನ ಮೇಲೆ ರಾತ್ರಿಯಿಡೀ ಒಣಗಿಸಿದ್ದು.

ಈ ನಿರ್ಧಾರದಲ್ಲಿ ಎರಡು ತಪ್ಪು ಮಾಡಿದ್ದೆ. ಎರಡೂ ಆಗ ನನಗೆ ಕಾಣಲಿಲ್ಲ. ಒಂದು, ಮೈದಾನದಲ್ಲಿ ಲೀಡರ್ ಇಲ್ಲದೆ ಬ್ರೇಡಿಗೇ ನೇರವಾಗಿ ಸೀಸ ಕಟ್ಟಿದ್ದೆ. ಅಲ್ಲಿ ಚಿಪ್ಪಿನ ಕಲ್ಲು ಇಲ್ಲವಲ್ಲ, ಲೀಡರ್ ಯಾಕೆ ಅನಿಸಿತ್ತು. ಇನ್ನೊಂದು, ಗೈಡುಗಳ ಅಳತೆಯ ಜೊತೆಗೆ ಅವುಗಳ ಜಾಗವನ್ನೂ ಬದಲಿಸಿದ್ದೆ. ಹಳೆಯ ಜೋಡಣೆಯಲ್ಲಿ ಮೊದಲ ಗೈಡ್ ಸ್ಪೂಲಿನಿಂದ 58 ಸೆಂ.ಮೀ. ದೂರದಲ್ಲಿತ್ತು. ಹೊಸದರಲ್ಲಿ 72. ಬಂದ ಆರು ಮೀಟರನ್ನು ಪೂರ್ತಿ ಚಿಕ್ಕ ಉಂಗುರದ ಲೆಕ್ಕಕ್ಕೆ ಬರೆದೆ.

ಅಳಿವೆಯಲ್ಲಿ ಆದದ್ದು

ಮೊದಲ ಸಂಜೆ ಫೋನ್ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ಸಲ ಹೋದವರು ರಾತ್ರಿ ನೇರ ಮನೆಗೇ ಬಂದರು, ರಾಡ್ ಕೈಯಲ್ಲಿ ಹಿಡಿದುಕೊಂಡೇ.

“ಎಸೆಯುವಾಗ ಟಕ್ ಅಂತದೆ. ಕೆಲವು ಸಲ ಗೆರೆ ದಾಟಿ ಹೋಗ್ತದೆ, ಕೆಲವು ಸಲ ಎದುರಿಗೇ ಬೀಳ್ತದೆ. ಇವತ್ತು ಎರಡು ಲೂರ್ ಹೋಯ್ತು. ಗಾಳಿಯಲ್ಲೇ ತುಂಡಾಯ್ತು.”

ಎರಡು ಲೂರ್ ಅಂದರೆ ಸಣ್ಣ ದುಡ್ಡಲ್ಲ. ನನಗೆ ಬೇಜಾರಾದದ್ದು ದುಡ್ಡಿಗಿಂತ ಅವರ ಮಾತಿನ ಧಾಟಿಗೆ. ಬೈಯಲಿಲ್ಲ. ತಾವೇ ಏನೋ ತಪ್ಪು ಎಸೆಯುತ್ತಿರಬೇಕು ಅನ್ನುವ ಹಾಗೆ ಮಾತಾಡಿದರು.

ಮರುದಿನ ನಾನೂ ಜೊತೆಗೆ ಹೋದೆ. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ಪಕ್ಕದಿಂದ ಹಿಡಿದೆ. ಹತ್ತಿಪ್ಪತ್ತು ಎಸೆತ ಹಿಡಿದ ಮೇಲೆ ಒಂದರಲ್ಲಿ ಸ್ಪಷ್ಟವಾಗಿ ಕಂಡಿತು. ಬ್ರೇಡಿಗೂ ಲೀಡರಿಗೂ ಹಾಕಿದ ಗಂಟು ಸಣ್ಣ ಗೈಡಿಗೆ ತಾಗಿ ಒಂದು ಕ್ಷಣ ತಡೆಯುತ್ತದೆ. ಅಷ್ಟರಲ್ಲಿ ಹಿಂದಿನಿಂದ ಬರುತ್ತಿರುವ ಬ್ರೇಡ್ ಗೈಡುಗಳ ನಡುವೆ ಗುಪ್ಪೆಯಾಗುತ್ತದೆ. ಗಂಟು ಬಿಡಿಸಿಕೊಂಡು ಹೋದರೆ ಆ ಗುಪ್ಪೆ ಮುಂದಿನ ಗೈಡಿನ ಮೇಲೆ ಕುಣಿಕೆಯಾಗಿ ಬೀಳುತ್ತದೆ. ಕುಣಿಕೆ ಬಿಗಿದರೆ ಬ್ರೇಡ್ ತುಂಡು, ಲೂರ್ ಸಮುದ್ರಕ್ಕೆ.

ಮನೆಗೆ ಬಂದು ಅಳೆದೆ. ಮಾಸ್ತರರು ಹಾಕುವುದು ಡಬಲ್ ಯೂನಿ ಗಂಟು. 40 ಪೌಂಡ್ ಲೀಡರಿನಲ್ಲಿ ಅದು ಸುಮಾರು 2 ಮಿ.ಮೀ. ದಪ್ಪ ಬರುತ್ತದೆ. ಕತ್ತರಿಸಿದ ತುದಿ ಪಕ್ಕಕ್ಕೆ ಮುಳ್ಳಿನ ಹಾಗೆ ಚಾಚಿರುತ್ತದೆ. ಗೈಡಿನ ತೂತನ್ನು ಡ್ರಿಲ್ ಬಿಟ್ಟುಗಳ ಹಿಂಭಾಗ ತೂರಿಸಿ ನೋಡಿದೆ. 4.5ರ ಗೈಡಿನಲ್ಲಿ 3 ಮಿ.ಮೀ. ಬಿಟ್ ಹೋಯಿತು, 3.5 ಹೋಗಲಿಲ್ಲ. ಮೊದಲೇ ಹೇಳಿದ ಹೊರಗಿನ ಅಳತೆಯ ವಿಚಾರ ಇದೇ. 4.5 ಅಂತ ಕೊಂಡರೂ ಲೈನಿಗೆ ಸಿಗುವುದು 3 ಮಾತ್ರ. ಆ ಮೂರರಲ್ಲಿ ಮುಳ್ಳಿರುವ ಎರಡು ಮಿಲಿಮೀಟರ್ ಗಂಟು ಬಾಣದ ವೇಗದಲ್ಲಿ ದಾಟಬೇಕು. ಅದೂ ಒಂದೇ ಸಲ ಅಲ್ಲ. ಒಂದೂವರೆ ಮೀಟರ್ ಲೀಡರಿನಲ್ಲಿ ಅರುವತ್ತು ಸೆಂಟಿಮೀಟರ್ ತುದಿಯಿಂದ ಕೆಳಗೆ ತೂಗುತ್ತದೆ. ಉಳಿದ ತೊಂಬತ್ತು ರಾಡಿನ ಒಳಗೆ. ಅಂದರೆ ಗಂಟು ಐದು ಗೈಡು, ಒಂದು ಟಿಪ್, ಒಟ್ಟು ಆರು ತೂತು ದಾಟಿ ಹೊರಗೆ ಹೋಗಬೇಕು.

ಮತ್ತೆ ಮೈದಾನಕ್ಕೆ ಹೋಗಿ, ಈ ಸಲ ಲೀಡರ್ ಕಟ್ಟಿ ಎಸೆಸಿದೆ. ಸರಾಸರಿ 57. ಹಳೆಯ ಭಾರದ ಸೆಟ್ಟಿಗಿಂತಲೂ ಕಡಿಮೆ. ಸರಾಸರಿಗಿಂತ ನನ್ನನ್ನು ಹೆದರಿಸಿದ್ದು ಎಸೆತಗಳ ಏರುಪೇರು. ಒಂದು 64ಕ್ಕೆ ಬಿತ್ತು, ಒಂದು 44ಕ್ಕೆ. ಕತ್ತಲಾಗುವ ಹೊತ್ತಲ್ಲಿ ಕಲ್ಲಿನ ಮೇಲೆ ನಿಂತವರಿಗೆ ಇಂಥ ರಾಡ್ ಕೊಡುವುದು ಸರಿಯಲ್ಲ. ಲೂರ್ ಎಲ್ಲಿ ಬೀಳುತ್ತದೆ ಅನ್ನುವ ನಂಬಿಕೆಯೇ ಇರುವುದಿಲ್ಲ.

ಗೈಡ್ ಬಿಟ್ಟು ಬೇರೆ ದಾರಿಗಳು

ಕಟ್ಟಿದ್ದನ್ನು ಮತ್ತೆ ಬಿಚ್ಚಲು ಮನಸ್ಸು ಬರಲಿಲ್ಲ. ಹಾಗಾಗಿ ಮೊದಲು ಉಳಿದದ್ದನ್ನೆಲ್ಲ ಬದಲಿಸಲು ನೋಡಿದೆ.

ಲೀಡರ್ ಗಿಡ್ಡ ಮಾಡಿದರೆ ಗಂಟು ರಾಡಿನ ಹೊರಗೇ ಉಳಿಯುತ್ತದೆ. ಅರುವತ್ತು ಸೆಂಟಿಮೀಟರಿಗೆ ಇಳಿಸಿದೆವು. ಎಸೆತ ಚೆನ್ನಾಗಿ ಹೋಯಿತು. ಅದೇ ಸಂಜೆ ಕೊಕ್ಕೆಗೆ ಬಿದ್ದ ಮೊದಲ ಮೀನು ಕಲ್ಲಿನ ಸಂದಿಗೆ ಓಡಿತು, ಬ್ರೇಡ್ ಚಿಪ್ಪಿಗೆ ತಾಗಿತು, ಮುಗಿಯಿತು. ಆ ದಾರಿ ಅಲ್ಲಿಗೇ ಬಿಟ್ಟೆವು.

ಇನ್ನೊಂದು, ಗಂಟು ಬದಲಿಸುವುದು. ಎಫ್‌ಜಿ ಗಂಟಿನಲ್ಲಿ ಲೀಡರ್ ಮಡಚುವುದಿಲ್ಲ. ಬ್ರೇಡನ್ನೇ ಲೀಡರಿನ ಮೇಲೆ ಹೆಣೆದು ಬಿಗಿಯುತ್ತಾರೆ. ಅದೇ ಲೀಡರಿಗೆ ನಾನು ಹಾಕಿದ ಎಫ್‌ಜಿ 1 ಮಿ.ಮೀ. ಹತ್ತಿರ ಬಂತು. ನನ್ನ ಗಂಟಿನಲ್ಲಿ ಮೈದಾನದಲ್ಲಿ ಎಸೆಸಿದರೆ 66 ಮೀಟರ್. ಹೆಚ್ಚು ಕಡಿಮೆ ಲೀಡರ್ ಇಲ್ಲದಷ್ಟೇ.

ಹಾಗಾದರೆ ಮುಗಿಯಿತಲ್ಲ, ಮಾಸ್ತರರಿಗೆ ಎಫ್‌ಜಿ ಕಲಿಸಿದರೆ ಸಾಕು ಅಂದುಕೊಂಡೆ. ಅವರೂ ಶ್ರದ್ಧೆಯಿಂದ ಕಲಿತರು. ಮನೆಯಲ್ಲಿ ಟೇಬಲ್ ಲೈಟಿನ ಕೆಳಗೆ, ಕನ್ನಡಕ ಹಾಕಿಕೊಂಡು, ಹತ್ತರಲ್ಲಿ ಎಂಟು ಸರಿಯಾಗಿ ಹಾಕುತ್ತಿದ್ದರು. ಆದರೆ ಲೀಡರ್ ತುಂಡಾಗುವುದು ಮನೆಯಲ್ಲಿ ಅಲ್ಲವಲ್ಲ. ತಡೆಗೋಡೆಯ ಮೇಲೆ, ಗಾಳಿಯಲ್ಲಿ, ಒದ್ದೆ ಕೈಯಲ್ಲಿ, ಹೆಡ್‌ಲೈಟಿನ ಬೆಳಕಿನಲ್ಲಿ ಬ್ರೇಡನ್ನು ಬಿಗಿಯಾಗಿ ಹಿಡಿದು ಇಪ್ಪತ್ತು ಸಲ ಹೆಣೆಯಬೇಕು. ಒಂದು ಸಂಜೆ ಅವರ ಎಫ್‌ಜಿ ಗಂಟು ಮೀನು ಎಳೆಯುವಾಗ ಜಾರಿ ಬಿಟ್ಟುಕೊಂಡಿತು.

ಅವತ್ತು ಅವರು ಹೇಳಿದ ಮಾತು ಈ ಪ್ರಕರಣದ ತಿರುವು. “ಡಬಲ್ ಯೂನಿ ನನಗೆ ಕಣ್ಣು ಮುಚ್ಚಿ ಬರ್ತದೆ. ಇಪ್ಪತ್ತು ವರ್ಷದಿಂದ ಅದನ್ನೇ ಹಾಕುದು. ರಾಡಿಗೋಸ್ಕರ ಗಂಟು ಬದಲಿಸ್ಬೇಕಾ, ಗಂಟಿಗೆ ತಕ್ಕ ರಾಡ್ ಮಾಡ್ಲಿಕ್ಕೆ ಆಗುದಿಲ್ವಾ?”

ನನಗೆ ಉತ್ತರ ಹೊಳೆಯಲಿಲ್ಲ. ಅಂಗಡಿಯಲ್ಲಿ ಸಿಗುವ ರಾಡ್ ಬಿಟ್ಟು ಕಟ್ಟಿಸಿಕೊಳ್ಳಲು ಬಂದದ್ದೇ ತಮ್ಮ ಕೈಗೆ ತಕ್ಕದ್ದು ಬೇಕು ಅಂತ. ನಾನು ಅವರ ಕೈಯನ್ನೇ ರಾಡಿಗೆ ತಕ್ಕಂತೆ ಬದಲಿಸಲು ಹೊರಟಿದ್ದೆ.

ಒಂದೊಂದಾಗಿ ಬದಲಿಸಿ ನೋಡಿದ್ದು

ಹೇರ್ ಡ್ರೈಯರಿನಲ್ಲಿ ಎಪಾಕ್ಸಿ ಬಿಸಿ ಮಾಡಿ, ಗೈಡಿನ ಕಾಲಿನ ಮೇಲೆ ಬ್ಲೇಡ್ ಆಡಿಸಿ, ಎಲ್ಲವನ್ನೂ ಬಿಚ್ಚಿದೆ. ಬ್ಲೇಡ್ ಯಾವತ್ತೂ ಗೈಡಿನ ಕಾಲಿನ ಮೇಲೇ ಆಡಬೇಕು, ಬ್ಲ್ಯಾಂಕಿಗೆ ತಾಗಬಾರದು. ಕಾರ್ಬನಿಗೆ ಒಂದು ಸಣ್ಣ ಗೀರು ಬಿದ್ದರೂ ಮುಂದೊಂದು ದಿನ ರಾಡ್ ಅಲ್ಲೇ ಮುರಿಯಬಹುದು.

ಈ ಸಲ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ನಿಯಮ ಹಾಕಿಕೊಂಡೆ. ಎಲ್ಲ ಎಸೆತಕ್ಕೂ ಮಾಸ್ತರರೇ ಕಟ್ಟಿದ ಲೀಡರ್, ಅವರದೇ ಡಬಲ್ ಯೂನಿ.

ಹಳೆಯ 30ರ ಸೆಟ್ ಹಳೆಯ ಜಾಗದಲ್ಲೇ ಟೇಪಿನಲ್ಲಿ ಸುತ್ತಿದಾಗ 60 ಮೀಟರ್. ದೊಡ್ಡ ಉಂಗುರಕ್ಕೆ ಗಂಟಿನ ಲೆಕ್ಕವೇ ಇಲ್ಲ. ಒಂದು ಮೀಟರ್ ಮಾತ್ರ ಕಳೆಯಿತು.

ಆಮೇಲೆ ಅದೇ ಸೆಟ್ಟಿನ ಮೊದಲ ಗೈಡನ್ನು ಮುಂದಕ್ಕೆ ತಳ್ಳಿದೆ. 58ರಿಂದ 65, ಅಲ್ಲಿಂದ 72 ಸೆಂ.ಮೀ. ಉಳಿದ ಗೈಡುಗಳನ್ನೂ ಅದಕ್ಕೆ ಹೊಂದುವಷ್ಟೇ ಸರಿಸಿದೆ, ಅಳತೆ ಮುಟ್ಟಲಿಲ್ಲ. 63 ಮೀಟರ್ ಬಂತು! ಅದೇ ಗೈಡುಗಳು, ಅದೇ ತೂಕ, ಅದೇ ಗಂಟು. ಬರೀ ಜಾಗ ಬದಲಿಸಿದ್ದಕ್ಕೆ ಮೂರು ಮೀಟರ್. ಪಟಪಟ ಸದ್ದೂ ಹೆಚ್ಚು ಕಡಿಮೆ ನಿಂತಿತು. ಸ್ಪೂಲಿಗೆ ತೀರಾ ಹತ್ತಿರ ಇದ್ದ ಗೈಡ್ ಸುರುಳಿಯನ್ನು ಒಮ್ಮೆಲೇ ಮಡಚುತ್ತಿತ್ತು. ದೂರ ಹೋದ ಮೇಲೆ ಸುರುಳಿಗೆ ಉದ್ದವಾಗಲು ಜಾಗ ಸಿಕ್ಕಿತು.

ಮೊದಲು ಬಂದ ಆರು ಮೀಟರಿನಲ್ಲಿ ಅರ್ಧ ಉಂಗುರದ್ದೇ ಅಲ್ಲ, ಜಾಗದ್ದು ಅಂತ ಅವತ್ತು ಗೊತ್ತಾಯಿತು. ಈ ಒಂದು ಎಸೆತದ ಪರೀಕ್ಷೆಯನ್ನು ಮೊದಲ ಭಾನುವಾರವೇ ಮಾಡಿದ್ದರೆ ಎರಡು ತಿಂಗಳ ಸುತ್ತಾಟ ಉಳಿಯುತ್ತಿತ್ತು. ಮಾಸ್ತರರ ಲೂರುಗಳೂ ಉಳಿಯುತ್ತಿದ್ದವು.

ಉಳಿದದ್ದು ತೂಕ ಮತ್ತು ಗಂಟು. ಎರಡಕ್ಕೂ ಒಪ್ಪುವ ಉಂಗುರ ಯಾವುದು? ತುದಿಯ ಗೈಡುಗಳಿಂದ ಲೆಕ್ಕ ಶುರು ಮಾಡಿದೆ, ಮೊದಲಿನ ಹಾಗೆ ರೀಲಿನ ಕಡೆಯಿಂದ ಅಲ್ಲ. ಗಂಟು 2 ಮಿ.ಮೀ. ಮುಳ್ಳು ಸೇರಿ ಮೂರು ಹಿಡಿಯೋಣ. ಗಂಟು ನೇರವಾಗಿ ನಡುವೆ ಹೋಗುವುದಿಲ್ಲ, ಅಲ್ಲಾಡುತ್ತಾ ಹೋಗುತ್ತದೆ. ಹಾಗಾಗಿ ಐದು ಮಿಲಿಮೀಟರ್ ತೂತಾದರೂ ಬೇಕು. 6ರ ಗೈಡಿನಲ್ಲಿ ಅಷ್ಟು ಸಿಗಲಿಲ್ಲ. 7ರಲ್ಲಿ 5ರ ಬಿಟ್ ಹೋಯಿತು, 5.5 ಹೋಗಲಿಲ್ಲ. 7 ಸಾಕು. ಟಿಪ್ ಮಾತ್ರ ಒಂದು ಅಳತೆ ದೊಡ್ಡದು, 8. ಸುತ್ತಿ ತರುವಾಗ ಗಂಟು ಮೊದಲು ಹೊಡೆಯುವುದು ಅಲ್ಲಿಗೇ.

ರೀಲಿನ ಕಡೆಯ ಮೂರಕ್ಕೆ ಎತ್ತರದ ಫ್ರೇಮಿನ 25, 12, 8. ಆಮೇಲೆ ಐದು 7. ಸ್ಪೂಲಿನ ನಡುವಿನ ಅಕ್ಷದಿಂದ ಒಂದು ದಾರ ಎಳೆದು ಅದು ಬ್ಲ್ಯಾಂಕನ್ನು ಎಲ್ಲಿ ಮುಟ್ಟುತ್ತದೆ ನೋಡಿ, ಅಲ್ಲಿಂದ 7ರ ಸಾಲು ಶುರು ಮಾಡಿದೆ. ಸೆಟ್ಟಿನ ತೂಕ 9 ಗ್ರಾಂ ಆಯಿತು. ಚಿಕ್ಕ ಸೆಟ್ಟಿಗಿಂತ ಮೂರು ಗ್ರಾಂ ಜಾಸ್ತಿ, ಹಳೆಯದರ ಅರ್ಧಕ್ಕಿಂತ ಕಡಿಮೆ.

ಟೇಪಿನಲ್ಲೇ ಇರುವಾಗ ಇನ್ನೊಂದು ಕೆಲಸ ಮಾಡಿದೆ. ರಾಡನ್ನು ಗೋಡೆಗೆ ಆನಿಸಿ, ಲೈನಿಗೆ ತೂಕ ಕಟ್ಟಿ ಬಾಗಿಸಿ, ಲೈನ್ ಬ್ಲ್ಯಾಂಕಿನ ಬಾಗನ್ನು ಎಷ್ಟು ಚೆನ್ನಾಗಿ ಅನುಸರಿಸುತ್ತದೆ ಅಂತ ನೋಡಿದೆ. ಗೈಡುಗಳ ನಡುವೆ ಅಂತರ ಜಾಸ್ತಿಯಾದರೆ ಲೈನ್ ಅಲ್ಲಿ ಮೂಲೆ ಮುರಿದ ಹಾಗೆ ನೇರವಾಗಿ ಹಾಯುತ್ತದೆ. ಎರಡು ಗೈಡ್ ಒಂದೊಂದು ಸೆಂಟಿಮೀಟರ್ ಸರಿಸಬೇಕಾಯಿತು. ಎಸೆತಕ್ಕೆ ಇದರಿಂದ ಹೆಚ್ಚು ಲಾಭ ಇಲ್ಲ. ಮೀನು ಎಳೆಯುವಾಗ ಬ್ಲ್ಯಾಂಕಿನ ಮೇಲೆ ಭಾರ ಸಮನಾಗಿ ಹಂಚಿಹೋಗಲು ಬೇಕು.

ಫಲ

ಮೈದಾನದಲ್ಲಿ, ಮಾಸ್ತರರ ಗಂಟಿನೊಂದಿಗೆ, 65 ಮೀಟರ್. ಅತಿ ಹತ್ತಿರದ ಎಸೆತ 62, ಅತಿ ದೂರದ್ದು 67. ಆಮೇಲೆ ಸ್ಪೂಲನ್ನು ಬಕೆಟ್ ನೀರಿನಲ್ಲಿ ಅದ್ದಿ ಒದ್ದೆ ಲೈನಿನಲ್ಲೂ ಎಸೆಸಿದೆ. ಒಣ ಲೈನಿನಲ್ಲಿ ಮೀನು ಹಿಡಿಯುವವರು ಯಾರೂ ಇಲ್ಲವಲ್ಲ. 62ಕ್ಕೆ ಇಳಿಯಿತು. ನನ್ನ ಎಫ್‌ಜಿ ಗಂಟು ಹಾಕಿ, 4.5ರ ಸೆಟ್ಟನ್ನೂ ಟೇಪಿನಲ್ಲಿ ಸುತ್ತಿ ಒದ್ದೆ ಲೈನಿನಲ್ಲಿ ನೋಡಿದೆ. ಅದು 66ರಿಂದ 61ಕ್ಕೆ ಬಿತ್ತು. ಸಣ್ಣ ತೂತಿನಲ್ಲಿ ನೀರು ಹನಿಯಾಗಿ ಕಟ್ಟಿಕೊಂಡು ನಿಲ್ಲುತ್ತದೆ, ಪಾಚಿಯ ಎಳೆ ಸಿಕ್ಕಿದರೆ ಕೇಳುವುದೇ ಬೇಡ. ಮಳೆ ಮುಗಿದ ಮೇಲೆ ಹೊಳೆ ತಂದು ಹಾಕುವ ಕಸದಲ್ಲಿ ಇದು ಇನ್ನೂ ಕಾಡುತ್ತದೆ.

ಕಟ್ಟುವ ಮೊದಲು ಟೇಪು ಸುತ್ತಿದ ರಾಡನ್ನೇ ಅಳಿವೆಗೆ ಒಯ್ದೆವು. ಎರಡು ಸಂಜೆ ಅಲ್ಲೇ ಎಸೆದು ನೋಡಿದರು. ಟಕ್ ಅನ್ನುವ ಸದ್ದು ಇಲ್ಲ. ಸುತ್ತಿ ತರುವಾಗ ಟಿಪ್ಪಿಗೆ ಗಂಟು ಬಂದದ್ದು ಕೈಗೆ ತಿಳಿಯುತ್ತದೆ ಅಷ್ಟೇ. ಆಮೇಲೆಯೇ ದಾರ ಸುತ್ತಿ ಎಪಾಕ್ಸಿ ಹಚ್ಚಿದೆ. ಮುಂದಿನ ನಾಲ್ಕು ತಿಂಗಳಲ್ಲಿ ಎಸೆಯುವಾಗ ಒಂದು ಲೂರೂ ತುಂಡಾಗಿ ಹೋಗಲಿಲ್ಲ ಅಂತ ಮಾಸ್ತರರು ಲೆಕ್ಕ ಇಟ್ಟು ಹೇಳಿದರು.

ಎಲ್ಲವೂ ಸರಿಹೋಗಲಿಲ್ಲ, ಅದನ್ನೂ ಹೇಳಬೇಕು. 10 ಗ್ರಾಂ ಲೂರನ್ನು ಈ ರಾಡಿನಲ್ಲಿ ಎಸೆದರೆ 4.5ರ ಸೆಟ್ಟಿನಷ್ಟು ಚುರುಕಾಗಿ ಹೋಗುವುದಿಲ್ಲ. ಅವರು ಅಂಥ ಹಗುರ ಲೂರ್ ಹಾಕುವುದು ಅಪರೂಪ, ಹಾಗಾಗಿ ಒಪ್ಪಿಕೊಂಡೆವು. ಬರೀ ಹಗುರದ್ದನ್ನೇ ಎಸೆಯುವವರಾಗಿದ್ದರೆ ನನ್ನ ಆಯ್ಕೆ ಬೇರೆಯಾಗುತ್ತಿತ್ತು.

ಇದರಿಂದ ನಾನು ಬದಲಿಸಿಕೊಂಡದ್ದು

ಗೈಡಿನ ಅಳತೆ ಕೇಳಿದವರಿಗೆ ಈಗ ನಾನು ನಂಬರ್ ಹೇಳುವುದಿಲ್ಲ. ಒಂದೂವರೆ ಮೀಟರ್ ಲೀಡರನ್ನು ನಿಮ್ಮ ಕೈಯಾರೆ ಬ್ರೇಡಿಗೆ ಕಟ್ಟಿ ತನ್ನಿ ಅನ್ನುತ್ತೇನೆ. ಕತ್ತಲಲ್ಲಿ ಯಾವ ಗಂಟು ಹಾಕುತ್ತೀರೋ ಅದನ್ನೇ. ಅದನ್ನು ಅಳೆದ ಮೇಲೆ ತುದಿಯ ಗೈಡ್, ತುದಿಯದ್ದು ಗೊತ್ತಾದ ಮೇಲೆ ರೀಲಿನ ಕಡೆಯವು.

ಟೇಪಿನಲ್ಲಿ ಎಸೆದು ನೋಡುವುದು ಮೊದಲಿನಿಂದಲೂ ನನ್ನ ಅಭ್ಯಾಸ. ಆದರೆ ಅರ್ಧ ಸಾಮಾನಿನಲ್ಲಿ ನೋಡುವುದು ನೋಡದೇ ಇರುವುದಕ್ಕಿಂತ ಅಪಾಯ, ಯಾಕೆಂದರೆ ಅದು ಧೈರ್ಯ ಕೊಡುತ್ತದೆ. ಲೀಡರ್ ಇಲ್ಲದೆ ಬಂದ 67 ಮೀಟರ್ ನನಗೆ ಕೊಟ್ಟದ್ದು ಅಂಥ ಧೈರ್ಯವೇ. ಈಗ ಲೀಡರ್, ಗಂಟು, ಒದ್ದೆ ಲೈನ್ ಮೂರೂ ಇಲ್ಲದೆ ಮೈದಾನಕ್ಕೆ ಹೋಗುವುದಿಲ್ಲ. ಸರಾಸರಿಯ ಜೊತೆ ಅತಿ ಹತ್ತಿರದ ಎಸೆತವನ್ನೂ ಬರೆದುಕೊಳ್ಳುತ್ತೇನೆ. ರಾಡ್ ಒಳ್ಳೆಯದೋ ಅಲ್ಲವೋ ಅನ್ನುವುದನ್ನು ಅದೇ ಜಾಸ್ತಿ ಹೇಳುತ್ತದೆ.

ಮೈಕ್ರೋ ಗೈಡುಗಳ, ಅಂದರೆ 4.5ರಂಥ ಪುಟ್ಟ ಗೈಡುಗಳ ಬಗ್ಗೆ ಒಂದು ಮಾತು. ಇವು ಮೊದಲು ಹೆಸರು ಮಾಡಿದ್ದು ಬೇಟ್‌ಕಾಸ್ಟಿಂಗ್ ರೀಲಿನ ರಾಡುಗಳಲ್ಲಿ. ಅಲ್ಲಿ ಸ್ಪೂಲೇ ತಿರುಗುವುದರಿಂದ ಲೈನ್ ಸುರುಳಿಯಿಲ್ಲದೆ ನೇರ ಬರುತ್ತದೆ. ಅಲ್ಲಿ ಕಂಡ ಲಾಭವನ್ನು ಹಾಗೇ ಎತ್ತಿ ಸ್ಪಿನ್ನಿಂಗ್ ರಾಡಿಗೆ ಹೇಳಲಾಗದು. ಇಲ್ಲಿ ಸುರುಳಿ ಇಳಿಸುವ ರೀಲಿನ ಕಡೆಯ ಎರಡು ಮೂರು ಗೈಡುಗಳ ಎತ್ತರ, ಜಾಗ ಸರಿಯಿದ್ದರೆ ಮಾತ್ರ ತುದಿಯ ಸಣ್ಣ ಗೈಡ್ ತನ್ನ ಗುಣ ತೋರಿಸುತ್ತದೆ. ತೆಳ್ಳಗಿನ ಲೀಡರ್ ಇದ್ದರೆ ಮಾತ್ರ ಅದು ತೊಂದರೆ ಕೊಡದೆ ಇರುತ್ತದೆ.

ಬಿಚ್ಚಿದ ಆ 4.5ರ ಸೆಟ್ ಡಬ್ಬಿಯಲ್ಲಿ ಸುಮಾರು ದಿನ ಇತ್ತು. ಕಳೆದ ಚಳಿಗಾಲದಲ್ಲಿ ಒಬ್ಬ ಹುಡುಗ ಬಂದ. ಹೊಳೆಯಲ್ಲಿ ಸಣ್ಣ ಲೂರ್ ಹಾಕುವವನು. 7 ಅಡಿ ಬ್ಲ್ಯಾಂಕ್, ಪಿಇ 0.8, ಲೀಡರ್ ಬರೀ 12 ಪೌಂಡ್. ಗಂಟು ಕಟ್ಟಿ ತಾ ಅಂದೆ. ಅವನದೂ ಡಬಲ್ ಯೂನಿಯೇ, ಆದರೆ ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಅದೇ ಗೈಡುಗಳನ್ನು ಅವನ ರಾಡಿಗೆ ಕಟ್ಟಿದೆ. ಹೊಳೆ ದಂಡೆಯಲ್ಲಿ 5 ಗ್ರಾಂ ಲೂರ್ ಎಸೆದು ತಿರುಗಿ ನೋಡಿದ. “ಗಂಟು ದಾಟಿದ್ದೇ ಗೊತ್ತಾಗ್ಲಿಲ್ಲ ಅಣ್ಣ,” ಅಂದ.